ಪಹಣಿಗೆ ಹಣ, ಉಳುವವನಿಗೆ ಏನು?

(ಸತ್ತೇಗಾಲದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸರ್ಕಾರ ರೈತನ ಖಾತೆಗೆ ಹಾಕುವ ಹಣ ಯಾವ ರೈತನಿಗೆ ಸೇರುತ್ತದೆ? ಕಾವೇರಿ ದಂಡೆಯ ಈ ಊರಿನಲ್ಲಿ ನಿಂತು ನಾವು ಈ ಒಂದು ಮಾತನ್ನು ಕೇಳಬಂದಿದ್ದೇವೆ.

2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಕಿಸಾನ್ ಯೋಜನೆ ತಂದಿತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಮೊದಲು 2 ಹೆಕ್ಟೇರಿನೊಳಗಿನವರಿಗೆ ಮಾತ್ರ ಎಂದರು. ಚುನಾವಣೆ ಮುಗಿದ ಮೇಲೆ ಆ ಮಿತಿಯನ್ನೂ ತೆಗೆದರು. ರಾಜ್ಯ ಸರ್ಕಾರ ಮೇಲೆ 4,000 ಸೇರಿಸಿ ಕೊಡುತ್ತಿತ್ತು. 2023ರಲ್ಲಿ ಅದು ನಿಂತಿತು. ದಿನದ ಲೆಕ್ಕ ಹಾಕಿದರೆ ಕೇಂದ್ರದ ಹಣ ಹದಿನಾರೂವರೆ ರೂಪಾಯಿಯೂ ಆಗದು. ಆದರೂ ಬಿತ್ತನೆ ಕಾಲಕ್ಕೆ 2,000 ಕೈಗೆ ಬಂದರೆ ಬಡ್ಡಿಯವನ ಬಾಗಿಲಿಗೆ ಹೋಗುವುದು ಒಂದು ಸಲವಾದರೂ ತಪ್ಪುತ್ತದೆ. ಇದನ್ನು ಬಿಟ್ಟಿ ಹಣವೆಂದು ಪೇಟೆಯಲ್ಲಿ ಕೂತು ಹೀಗಳೆಯುವವರ ಜೊತೆ ನಾವು ಸೇರುವವರಲ್ಲ.

ನಮ್ಮ ತಕರಾರು ಬೇರೆ. ಈ ಹಣ ಬೇಕಾದರೆ 2019ರ ಫೆಬ್ರವರಿ 1ಕ್ಕೆ ಪಹಣಿಯಲ್ಲಿ ಹೆಸರಿರಬೇಕು. ಆಮೇಲೆ ವಾರಸಿನಿಂದ ಬಂದ ಜಮೀನಿಗೆ ಮಾತ್ರ ರಿಯಾಯಿತಿ. ಊರು ಬಿಟ್ಟು ಮೈಸೂರಿನಲ್ಲಿ ಅಂಗಡಿ ಇಟ್ಟವನಿಗೂ, ಅವನು ವರಮಾನ ತೆರಿಗೆ ಕಟ್ಟುವವನಲ್ಲದಿದ್ದರೆ, ಕಂತು ಬರುತ್ತದೆ. ಅವನ ಗದ್ದೆಯನ್ನು ವಾರಕ್ಕೆ ಮಾಡುವವನಿಗೆ ಬರುವುದಿಲ್ಲ. ಗಂಡ ತೀರಿಕೊಂಡು ಪೌತಿ ಖಾತೆ ಆಗದ ಹೆಂಗಸಿನದೂ ಇದೇ ಗೋಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದಾಗಲೂ ಪರಿಹಾರ ಪಹಣಿಯ ಜಾಡನ್ನೇ ಹಿಡಿದು ಹೋಯಿತು. ಒಣಗಿದ್ದು ಯಾರ ಬೆವರು ಎಂದು ಕೇಳುವ ಕಲಂ ಯಾವ ಅರ್ಜಿಯಲ್ಲಿತ್ತು?

ಗೇಣಿದಾರನೇ ಇಲ್ಲವೆಂದು ಕಾನೂನು ಹೇಳುತ್ತದೆ. 1974ರ ಮಾರ್ಚ್ 1ರಿಂದ ಗೇಣಿ ರದ್ದಾಯಿತು. ಅದು ಸಣ್ಣ ಗೆಲುವಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಜೈಲಿಗೆ ಹೋದದ್ದು ಆ ದಾರಿಯಲ್ಲೇ. ಏಳನೇ ನಮೂನೆ ತುಂಬಿ ಭೂಮಿ ಪಡೆದವರ ಮಕ್ಕಳು ಈ ಸಭೆಯಲ್ಲೂ ಇರಬಹುದು. (ನಮ್ಮ ತಾಲ್ಲೂಕಂತೂ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಕಲೆಕ್ಟರ್ ಬದಲಾದರು, ಕಾಗದದ ಕಾಟ ಬದಲಾಗಲಿಲ್ಲ.) ಆ ಕಾನೂನನ್ನು ತೆಗೆಯಿರಿ ಎಂದು ನಾವು ಎಂದಿಗೂ ಹೇಳೆವು. ಆದರೆ ಬಾಯಿಮಾತಿನ ವಾರ, ಗುತ್ತಿಗೆ ಮತ್ತೆ ಬೆಳೆದಿವೆ. ಇದು ಎಲ್ಲರಿಗೂ ಗೊತ್ತು, ದಫ್ತರಿಗೆ ಮಾತ್ರ ಗೊತ್ತಿಲ್ಲ.

ವಾರದವನ ಹೆಸರು ಬರೆಯಿರಿ ಎಂದರೆ ಮೊದಲು ಹೆದರುವವನು ಅವನೇ. ಹೆಸರು ಬರೆಸಿದ ದಿನವೇ ಯಜಮಾನರು ಬೇರೆಯವರಿಗೆ ಗದ್ದೆ ಕೊಟ್ಟಾರು ಎಂಬ ಅಂಜಿಕೆ. ಅದು ಸುಳ್ಳು ಅಂಜಿಕೆಯಲ್ಲ. ಆಂಧ್ರದಲ್ಲಿ 2019ರಲ್ಲಿ ಒಂದು ಕಾನೂನು ಮಾಡಿ, ಭೂಮಿಯ ಹಕ್ಕನ್ನು ಮುಟ್ಟದೆ, ಸಾಗುವಳಿದಾರನಿಗೆ 11 ತಿಂಗಳ ಕಾರ್ಡು ಕೊಡುವ ಏರ್ಪಾಡು ಮಾಡಿದರು. ಅದಕ್ಕೂ ಮಾಲೀಕನ ಒಪ್ಪಿಗೆ ಬೇಕು. ಕುಣಿಕೆ ಇರುವುದು ಅಲ್ಲೇ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಆ ವರ್ಷ ಯಾರು ಉತ್ತರು, ಯಾರು ನೀರು ಕಟ್ಟಿದರು ಎಂಬುದನ್ನು ಗ್ರಾಮಸಭೆ ಬರೆಯಲಿ. ಮಾಲೀಕನ ರುಜು ಕೇಳದಿರಲಿ. ಬೆಳೆನಷ್ಟದ ಹಣ ಆ ಪಟ್ಟಿಯಂತೆ ಹೋಗಲಿ. ಮುಂದಿನ ಗ್ರಾಮಸಭೆಗೆ ಒಬ್ಬೊಬ್ಬರೇ ಹೋಗಬೇಡಿ. ಒಬ್ಬನನ್ನು ಗದ್ದೆಯಿಂದ ಬಿಡಿಸುವುದು ಸುಲಭ. ಬೀದಿಗೆ ಬೀದಿಯೇ ಬಂದು ಹೆಸರು ಹೇಳಿದರೆ ಗುಮಾಸ್ತರು ಪುಸ್ತಕ ತೆಗೆಯಲೇಬೇಕಾಗುತ್ತದೆ. ಹೆಂಗಸರು ಮುಂದಿನ ಸಾಲಿನಲ್ಲಿ ಕೂರಲಿ. ನಾಟಿ ಮಾಡಿದವರು ಅವರೇ.