ಮಣ್ಣಿನ ಬಿಲ್ಲೆಯ ಮರ್ಮ



ನನ್ನ ಕೈಯಲ್ಲಿ ಎರಡು ಬಿಲ್ಲೆಗಳಿವೆ. ಪೋಕರ್ ಎಂಬ ಇಸ್ಪೀಟಾಟದಲ್ಲಿ ಹಣದ ಬದಲು ಮೇಜಿನ ಮೇಲಿಡುವ ಚಿಪ್‌ಗಳು. ಒಂದು ಹಗುರ, ಒಂದು ಭಾರ. ಯಾವುದು ಉತ್ತಮವೆಂದು ಕೇಳಿದರೆ ಭಾರವಾದುದನ್ನು ತೋರಿಸುವವರೇ ಹೆಚ್ಚು. ಬೆಳ್ಳಿ ಲೋಟವನ್ನು ತೂಗಿ ನೋಡಿ ಕೊಳ್ಳುವ ಕೈ ನಮ್ಮದು. ಇಲ್ಲಿ ಆ ಲೆಕ್ಕ ತಪ್ಪುತ್ತದೆ.

ಭಾರದ ಬಿಲ್ಲೆ 11.5 ಗ್ರಾಂ ಇದೆ. ಒಳಗೆ ಲೋಹದ ತುಂಡು, ಸುತ್ತಲೂ ಪ್ಲಾಸ್ಟಿಕ್. ಇಂಥವನ್ನು ಮಾರುವಾಗ ಡಬ್ಬಿಯ ಮೇಲೆ ಮಾತ್ರ 'ಕ್ಲೇ' ಎಂಬ ಹೆಸರು! ಅಮೆರಿಕದ ಕ್ಯಾಸಿನೊಗಳ ಮಣ್ಣಿನ ಬಿಲ್ಲೆ ಸಾಮಾನ್ಯವಾಗಿ 8ರಿಂದ 10 ಗ್ರಾಂ ತೂಗುತ್ತದೆ. ಅದರೊಳಗೆ ಲೋಹದ ತುಂಡಿಲ್ಲ. ಹಾಗೆಂದು ಅದೂ ಅಪ್ಪಟ ಮಣ್ಣಲ್ಲ. ಬರೀ ಮಣ್ಣಾದರೆ ಬಿದ್ದೊಡನೆ ಚೂರಾದೀತು.

ಮೊದಲು ದಂತ, ಮೂಳೆಗಳ ಬಿಲ್ಲೆಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿ ಜೇಡಿಮಣ್ಣಿಗೆ ಅರಗಿನಂಥ ಅಂಟು ಬೆರೆಸಿ ಒತ್ತಿದ ಬಿಲ್ಲೆಗಳು ಬಳಕೆಗೆ ಬಂದವು. ಇಂದಿನ ಮಿಶ್ರಣದಲ್ಲಿ ಮಣ್ಣಿನ ಪಾಲು ಎಷ್ಟೆಂಬುದನ್ನು ತಯಾರಕರು ಗುಟ್ಟಾಗಿಯೇ ಇಡುತ್ತಾರೆ. ಲಾಸ್ ವೇಗಸ್‌ನಲ್ಲಿ ಪಾಲ್ ಎಂಡಿ 1963ರಲ್ಲಿ ಆರಂಭಿಸಿದ ಪಾಲ್‌ಸನ್ ಕಂಪನಿಯ ಬಿಲ್ಲೆಗಳು ಈ ಪೈಕಿ ಹೆಸರಾದವು. ಆ ಕಂಪನಿ ಮುಂದೆ ಬೇರೆ ಎರಡರೊಡನೆ ಸೇರಿತು. 2019ರಲ್ಲಿ ಜಪಾನಿನ ಏಂಜೆಲ್ ಸಂಸ್ಥೆ ಅದನ್ನು ಕೊಂಡುಕೊಂಡಿತು.

ಅಂಚಿನ ಈ ಬಣ್ಣದ ಪಟ್ಟಿಗಳನ್ನು ನೋಡಿ. ಇವು ಬಳಿದ ಬಣ್ಣವಲ್ಲ. ಅಂಚನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಬೇರೆ ಬಣ್ಣದ ತುಂಡನ್ನು ಕೂರಿಸಿ, ಅಚ್ಚಿನಲ್ಲಿಟ್ಟು ಬಿಸಿ ಮಾಡಿ ಒತ್ತುತ್ತಾರೆ. ಎಷ್ಟು ಸವೆದರೂ ಪಟ್ಟಿ ಅಳಿಸುವುದಿಲ್ಲ. ನಕಲು ಮಾಡುವವನಿಗೆ ಇದೇ ತೊಡಕು. ಒಟ್ಟಿದ ಸಾಲಿನಲ್ಲಿ ಬೇರೆ ಬೆಲೆಯ ಬಿಲ್ಲೆ ನುಸುಳಿದರೂ ಪಕ್ಕದಿಂದಲೇ ಕಣ್ಣಿಗೆ ಬೀಳುತ್ತದೆ.

ಇನ್ನು ಸ್ಪರ್ಶ. ಮಣ್ಣಿನ ಬಿಲ್ಲೆಗೆ ಸೀಮೆಸುಣ್ಣ ಹಿಡಿದಂಥ ಒಣ ನವಿರು. ಒಂದರ ಮೇಲೊಂದು ಇಪ್ಪತ್ತು ಒಟ್ಟಿದರೆ ಪರಸ್ಪರ ಹಿಡಿದು ನಿಲ್ಲುತ್ತವೆ. ನುಣುಪು ಪ್ಲಾಸ್ಟಿಕ್ ಜಾರುತ್ತದೆ. ಶಬ್ದದಲ್ಲಂತೂ ತಮಾಷೆಯಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು, ಕಣ್ಣೆಂದು ನಾದ ಬಂದರೆ ಒಪ್ಪುತ್ತೇವೆ. ಬೊದ್ದು ಸದ್ದಾದರೆ ಬಿರುಕೆಂದು ಬಿಡುತ್ತೇವೆ. ಬಿಲ್ಲೆಯ ಮಟ್ಟಿಗೆ ಇದು ತಲೆಕೆಳಗು. ಟಕ್ ಎಂಬ ಮಂದ ಸದ್ದು ಮಣ್ಣಿನದು. ಲೋಹವಿಟ್ಟ ಪ್ಲಾಸ್ಟಿಕ್ ಗಿಲಕಿಯಂತೆ ಕಿಣಿಗುಟ್ಟುತ್ತದೆ.

ಆದರೆ ಈ ಹಿತವನ್ನು ಹೊಗಳುತ್ತಲೇ ನನಗೊಂದು ಅಳುಕು. ಅಮೆರಿಕದ ರೂಢಿಯಲ್ಲಿ ಕೆಂಪು ಬಿಲ್ಲೆ 5 ಡಾಲರ್, ಹಸಿರು 25, ಕಪ್ಪು 100. ನೂರರ ನೋಟನ್ನು ಎಣಿಸಿ ಕೊಡಲು ಹಿಂದೆಗೆಯುವ ಕೈ, ಇಷ್ಟು ಹಿತವಾದ ಕಪ್ಪು ಬಿಲ್ಲೆಯನ್ನು ಸಲೀಸಾಗಿ ಮುಂದೆ ತಳ್ಳುತ್ತದೆ. ಅದು ಹಣವೆಂದು ಕೈಗೆ ಹೊಳೆಯುವುದೇ ಇಲ್ಲ. ಜೂಜಿನ ಮನೆಯ ಒಡೆಯನಿಗೆ ಬೇಕಾದದ್ದೂ ಅದೇ.

ಎರಡನ್ನೂ ಕಳಿಸುತ್ತೇನೆ, ಸಾಲಿನಿಂದ ಸಾಲಿಗೆ ದಾಟಿಸಿ. ಕಣ್ಣು ಮುಚ್ಚಿ ಮುಟ್ಟಿ ನೋಡಿ. ಭಾರವಾದುದನ್ನು ಬೀಳಿಸಿದರೆ ಚಿಂತೆಯಿಲ್ಲ. ಹಗುರವಾದುದು ಮಾತ್ರ ಜೋಪಾನ, ಅಂಚು ಮುಕ್ಕಾದೀತು.