ಎಳೆಯರ ಕಣ್ಣಿಗೆ ಎಂತಹ ಲೋಕ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಣ್ಣಿಗೆ ಕಟ್ಟಿಕೊಂಡೊಡನೆ ಸುತ್ತಲೂ ಬೇರೊಂದು ಲೋಕವನ್ನೇ ತೋರಿಸುವ ವರ್ಚುವಲ್ ರಿಯಾಲಿಟಿಯ ಸಾಧನಗಳು ಇಂದು ಶಾಲೆಗಳನ್ನು ಪ್ರವೇಶಿಸುತ್ತಿವೆ. ಅವು ಬೇಕೋ ಬೇಡವೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಯಾವ ವಯಸ್ಸಿನ ಮಗುವಿಗೆ ಯಾವ ದೃಶ್ಯ ಯೋಗ್ಯವೆಂಬುದಷ್ಟೇ ನಮ್ಮ ವಿಚಾರ.

ನಮ್ಮ ಕಾಸರಗೋಡು ಸೀಮೆಯ ಎಳೆಯರು ಯಕ್ಷಗಾನದ ಬಣ್ಣದ ವೇಷವನ್ನು ಕಂಡು ಬೆದರುವುದುಂಟು. ಆದರೆ ಆ ಭಯಕ್ಕೆ ಮದ್ದೂ ಅಲ್ಲಿಯೇ ಇದೆ: ಪಕ್ಕದಲ್ಲಿ ಅಜ್ಜಿಯ ಸೆರಗು, ರಂಗಸ್ಥಳದ ಹಿಂದೆ ಚೌಕಿ. ಅಲ್ಲಿ ಇಣುಕಿದರೆ ಅದೇ ರಾಕ್ಷಸನು ಕಿರೀಟವನ್ನು ಕಳಚಿಟ್ಟು ಚಹಾ ಕುಡಿಯುತ್ತಿರುತ್ತಾನೆ! ಈ ಯಂತ್ರದೊಳಗೆ ಚೌಕಿಯಿಲ್ಲ. ತಲೆ ತಿರುಗಿಸಿದತ್ತಲೆಲ್ಲ ರಂಗಸ್ಥಳವೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆಗೋವಿಯಾ ಮತ್ತು ಬೇಲೆನ್ಸನ್ ಎಂಬ ಸಂಶೋಧಕರು 2009ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ತಾವು ತಿಮಿಂಗಿಲಗಳೊಡನೆ ಈಜುತ್ತಿರುವ ದೃಶ್ಯವನ್ನು ಚಿಕ್ಕ ಮಕ್ಕಳಿಗೆ ಈ ಸಾಧನದಲ್ಲಿ ತೋರಿಸಲಾಯಿತು. ಕೆಲವು ದಿನಗಳ ತರುವಾಯ ಕೇಳಿದಾಗ, ಪ್ರಾಥಮಿಕ ತರಗತಿಯ ಹಲವು ಮಕ್ಕಳು ಅದು ನಿಜವಾಗಿಯೂ ನಡೆದುದೆಂದೇ ನಂಬಿದ್ದರು. ಈಜಿದ ನೆನಪಾದರೆ ಚಿಂತೆಯಿಲ್ಲ. ಯುದ್ಧವನ್ನೋ ಭೂಕಂಪವನ್ನೋ ತೋರಿಸಿದ್ದರೆ?

ಮೆಟಾ ಕಂಪೆನಿಯು 13 ಎಂದಿದ್ದ ವಯೋಮಿತಿಯನ್ನು 2023ರಲ್ಲಿ, ತಂದೆತಾಯಿಗಳ ಮೇಲ್ವಿಚಾರಣೆಯ ಷರತ್ತಿನೊಡನೆ, 10ಕ್ಕೆ ಇಳಿಸಿತು. ಇದು ಯಂತ್ರದ ಮಾತು. ಒಳಗಿನ ದೃಶ್ಯದ ಯೋಗ್ಯತೆಯನ್ನು ಅದು ಹೇಳದು. ಆನ್ ಫ್ರಾಂಕ್ ಎಂಬ ಯಹೂದಿ ಬಾಲೆಯು ಆಮ್‌ಸ್ಟರ್‌ಡಾಮಿನಲ್ಲಿ ಅಡಗಿದ್ದ ಕೋಣೆಗಳನ್ನು 2018ರಿಂದ ಹೀಗೆ ನೋಡಬಹುದಾಗಿದೆ. ಅಲ್ಲಿ ರಕ್ತವಿಲ್ಲ, ಸೈನಿಕರಿಲ್ಲ. ಇತಿಹಾಸವರಿಯದ ಐದನೆಯ ತರಗತಿಯ ಬಾಲಕನಿಗೆ ಅದೊಂದು ಹಳೆಯ ಮನೆ. ಅವಳ ಕಥೆಯನ್ನೋದಿದ ಪ್ರೌಢಶಾಲೆಯ ಬಾಲಿಕೆಗೆ ಮುಚ್ಚಿದ ಕಿಟಕಿಯೊಂದೇ ಸಾಕು. ಆದುದರಿಂದ ಪಾಠವು ಮೊದಲು, ದೃಶ್ಯವು ಆಮೇಲೆ. ಹತ್ತರ ಒಳಗಿನವರಿಗೆ ಯಂತ್ರವನ್ನು ಕಟ್ಟದೆ, ಕಾಡು ಕಡಲುಗಳ ಶಾಂತ ದೃಶ್ಯಗಳನ್ನು ಗೋಡೆಯ ಪರದೆಯಲ್ಲಿ ಎಲ್ಲರೂ ಕೂಡಿ ನೋಡಿದರೆ ಸಾಕೆಂದು ನಮ್ಮ ಅಭಿಪ್ರಾಯ.

ಗಡಿನಾಡಿನವರಾದ ನಮಗೆ ಇನ್ನೊಂದು ಪರೀಕ್ಷೆಯುಂಟು. ಈ ದೃಶ್ಯಗಳ ವಿವರಣೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. 2021ರಲ್ಲಿ ನಿಂತುಹೋದ ಗೂಗಲ್ ಎಕ್ಸ್‌ಪೆಡಿಶನ್ಸ್‌ನಲ್ಲಿ ಒಂದು ಗುಣವಿತ್ತು: ಉಪಾಧ್ಯಾಯರೇ ಮುಂದೆ ನಿಂತು, ನೋಡಬೇಕಾದುದನ್ನು ತೋರಿಸಿ, ತಮ್ಮ ಮಾತಿನಲ್ಲಿಯೇ ವಿವರಿಸಬಹುದಾಗಿತ್ತು. ಅಂತಹ, ಧ್ವನಿಯನ್ನು ಅಡಗಿಸಬಹುದಾದ ದೃಶ್ಯಗಳನ್ನೇ ಆರಿಸೋಣ. ಅಲ್ಲಿ ಕನ್ನಡದ ಮೇಷ್ಟರ ದನಿಗೆ ಎಡೆಯಿರುತ್ತದೆ. ಮಕ್ಕಳಿಗೆ ತೋರಿಸುವ ಮುನ್ನ ಉಪಾಧ್ಯಾಯರೊಡನೆ ತಂದೆತಾಯಿಗಳೂ ಕುಳಿತು, ಆದಿಯಿಂದ ಅಂತ್ಯದವರೆಗೆ ಒಮ್ಮೆ ನೋಡುವ ಏರ್ಪಾಟನ್ನು ಶಾಲೆಗಳು ಮಾಡಬೇಕೆಂದು ಬಿನ್ನವಿಸುತ್ತೇವೆ.