ಕೆಲಸ ನೋಡಿ ತೂಗೋಣ

1964ರ ಜೂನ್ 9ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಪ್ರಧಾನಿಯಾದಾಗ ಬಹಳ ಜನರಿಗೆ ಒಂದೇ ಅನುಮಾನ: ನೆಹರೂ ಕೂತ ಕುರ್ಚಿಯಲ್ಲಿ ಈ ಸಣ್ಣ ಆಳೇ? ಅವರ ಕುಳ್ಳ ಮೈಕಟ್ಟು, ಮೆಲುದನಿ ಎರಡೂ ಆಡಿಕೊಳ್ಳುವವರ ಬಾಯಿಗೆ ಆಹಾರವಾದವು. ಅಧಿಕಾರಕ್ಕೆ ಬಂದ ತಿಂಗಳಲ್ಲೇ ಹೃದಯಾಘಾತ. ಆಹಾರ ಧಾನ್ಯದ ಅಭಾವ ಬೇರೆ. ಸೆಪ್ಟೆಂಬರಿನಲ್ಲಿ ಲೋಕಸಭೆಯ ಮುಂದೆ ಅವಿಶ್ವಾಸ ನಿರ್ಣಯವೇ ಬಂತು. ಅದು ಬಿದ್ದುಹೋಯಿತು, ಟೀಕೆ ನಿಲ್ಲಲಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಶಾಸ್ತ್ರಿ ಗುಜರಾತಿನ ಆಣಂದಕ್ಕೆ ಹೋದರು. ಪಕ್ಕದ ಹಳ್ಳಿಯಲ್ಲಿ ರಾತ್ರಿ ತಂಗಿ, ಹಾಲಿನ ಸಹಕಾರ ಸಂಘ ಹೇಗೆ ನಡೆಯುತ್ತದೆಂದು ರೈತರ ಬಾಯಿಂದಲೇ ಕೇಳಿ ತಿಳಿದರು. ಮರುವರ್ಷ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹುಟ್ಟಿತು. ಅದೇ 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಬಂದಾಗ, ಮೆತ್ತಗಿನವರೆಂದು ಹೆಸರಾದ ಅವರು ಗಟ್ಟಿಯಾಗಿ ನಿಂತರು. ಪ್ರಧಾನಿಯಾಗಿ ಅವರಿಗೆ ಒಟ್ಟು ಸಿಕ್ಕಿದ್ದು ಹತ್ತೊಂಬತ್ತು ತಿಂಗಳಷ್ಟೇ.

ವಿರೋಧ ಪಕ್ಷಗಳು ಪ್ರಶ್ನೆ ಕೇಳಿದ್ದು ತಪ್ಪಲ್ಲ. ಅದು ಅವರ ಕೆಲಸ. ಹೊಸಬರಿಗೆ ಅವಕಾಶ ಕೊಡುವುದೆಂದರೆ ಬಾಯಿ ಮುಚ್ಚಿಕೊಂಡಿರುವುದೂ ಅಲ್ಲ. ಆದರೆ ಆಳ್ತನ ನೋಡಿ ಹೇಳುವ ತೀರ್ಪಿಗೂ ಕೆಲಸ ನೋಡಿ ಮಾಡುವ ಟೀಕೆಗೂ ಅಜಗಜಾಂತರ. ನಾವು ಓಟು ಹಾಕದ ಪಕ್ಷದವರು ಗದ್ದುಗೆ ಏರಿದರೂ ಆಳುವುದು ನಮ್ಮ ದೇಶವನ್ನೇ. ಅವರು ಸೋತರೆ ನಷ್ಟ ನಮಗೂ ತಪ್ಪಿದ್ದಲ್ಲ. ಹಾಗಾಗಿ ಹೊಸ ನಾಯಕರ ಮೊದಲ ಹೆಜ್ಜೆಗಳನ್ನು ಪಕ್ಷದ ಕನ್ನಡಕ ತೆಗೆದಿಟ್ಟು ನೋಡೋಣ. ಒಳ್ಳೆಯದನ್ನು ಒಳ್ಳೆಯದೆನ್ನೋಣ, ಎಡವಿದಾಗ ಮುಲಾಜಿಲ್ಲದೆ ಕೇಳೋಣ.